ಬರ ಪರಿಹಾರ: ನಮ್ಮ ಚಳ್ಳಕೆರೆ ಕಡೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ?

ಶೇಂಗಾ ಹೊಲ
ಮೇ 10, 2024

ಎಲ್ಲರಿಗೂ ನಮಸ್ಕಾರ. ಬರ ಪರಿಹಾರದ ದುಡ್ಡು ಈಗ ಖಾತೆಗೆ ಬೀಳುತ್ತಿದೆ. ಟೀ ಅಂಗಡಿ, ಬಸ್ ಸ್ಟ್ಯಾಂಡು, ಎಲ್ಲಿ ಹೋದರೂ ಅದೇ ಮಾತು. ಬಂದವರು ಎಷ್ಟು ಬಂತು ಅಂತ ಲೆಕ್ಕ ಹಾಕುತ್ತಿದ್ದಾರೆ. ಬರದವರು ಯಾಕೆ ಬರಲಿಲ್ಲ ಅಂತ ಓಡಾಡುತ್ತಿದ್ದಾರೆ. ಎರಡನ್ನೂ ಒಂದೇ ಕಡೆ ಮಾತಾಡೋಣ ಅಂತ ಇದನ್ನು ಶುರು ಮಾಡಿದ್ದೇನೆ.

ಮೊದಲು ನನ್ನ ಲೆಕ್ಕ ಹೇಳುತ್ತೇನೆ. ಮೂರು ಎಕರೆ ಖುಷ್ಕಿಯಲ್ಲಿ, ಅಂದರೆ ಮಳೆ ನಂಬಿದ ಹೊಲದಲ್ಲಿ, ಶೇಂಗಾ ಹಾಕಿದ್ದೆ. ಖುಷ್ಕಿ ಬೆಳೆಗೆ ಹೆಕ್ಟೇರಿಗೆ ₹8,500 ಅಂತ ನಿಗದಿ. ಎಕರೆಗೆ ಇಳಿಸಿದರೆ ₹3,440, ಗುಂಟೆಗೆ ₹86. ಮೂರು ಎಕರೆಗೆ ₹10,300 ಚಿಲ್ಲರೆ ಆಯಿತು. ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತು ಅಂತ ₹2,000 ಹಾಕಿತ್ತಲ್ಲ, ಅದನ್ನು ಕಳೆದು ಉಳಿದದ್ದು ಈಗ ಬಂದಿದೆ. ನಾನು ಬೀಜಕ್ಕೇ ಎಕರೆಗೆ ಐದಾರು ಸಾವಿರ ಸುರಿದಿದ್ದೆ. ಉಳುಮೆ, ಗೊಬ್ಬರ, ಕಳೆ ಬೇರೆ. ಆದರೂ ಬಂದದ್ದು ಬೇಡ ಅನ್ನುವ ಸ್ಥಿತಿ ಇಲ್ಲ. ಮುಂಗಾರಿಗೆ ಬೀಜ ತರೋಕೆ ಅದೇ ದುಡ್ಡು.

ಹೋದ ವರ್ಷ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಜೂನ್‌ನಲ್ಲಿ ರಾಜ್ಯದ ಮಳೆ ಶೇ 56 ಕಡಿಮೆ. ಜುಲೈನಲ್ಲಿ ಚೆನ್ನಾಗಿ ಬಂತು, ಅದನ್ನೇ ನಂಬಿ ಬಿತ್ತಿದೆವು. ಆಗಸ್ಟ್‌ನಲ್ಲಿ ಶೇ 73 ಕೊರತೆ. ಶೇಂಗಾ ಹೂ ಬಿಟ್ಟು ಊಡು (ಮಣ್ಣಿಗಿಳಿದು ಕಾಯಿ ಕಟ್ಟುವ ಎಳೆ) ಇಳಿಯುವ ಹೊತ್ತಿಗೆ ನೆಲ ಕಲ್ಲಾಗಿತ್ತು. ಊಡು ಮಣ್ಣಿಗೆ ಇಳಿಯಲೇ ಇಲ್ಲ. ಗಿಡ ಕಿತ್ತರೆ ಬುಡದಲ್ಲಿ ಎರಡೋ ಮೂರೋ ಕಾಯಿ, ಅದೂ ಜೊಳ್ಳು. 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಹಾಳಾದ ಬೆಳೆ ಸುಮಾರು 48 ಲಕ್ಷ ಹೆಕ್ಟೇರ್. ರಾಜ್ಯ ಕೇಳಿದ್ದು ₹18,171 ಕೋಟಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಏಪ್ರಿಲ್ ಕೊನೆಯಲ್ಲಿ ಕೇಂದ್ರದಿಂದ ಬಂದದ್ದು ₹3,454 ಕೋಟಿ.

ಕೇಂದ್ರ ಸರಿಯೋ ರಾಜ್ಯ ಸರಿಯೋ ಅನ್ನುವ ಜಗಳ ದಯವಿಟ್ಟು ಇಲ್ಲಿ ಬೇಡ. ಅದಕ್ಕೆ ಬೇರೆ ಜಾಗ ಬೇಕಾದಷ್ಟಿದೆ. ನನ್ನ ಸಂಕಟ ಬೇರೆ.

ನನ್ನ ಹೊಲದ ಪಕ್ಕ ಐದು ಎಕರೆ ಇದೆ. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ನಮ್ಮೂರಿನ ಒಬ್ಬರು ಅದನ್ನು ಕೋರಿಗೆ ಮಾಡುತ್ತಾರೆ, ಅಂದರೆ ಬೆಳೆಯಲ್ಲಿ ಮಾಲೀಕರಿಗೆ ಪಾಲು ಕೊಡುವ ಕರಾರು. ಬೀಜ, ಗೊಬ್ಬರ, ಆಳು ಎಲ್ಲ ಖರ್ಚು ಅವರದ್ದೇ. ಎರಡು ಹೆಕ್ಟೇರಿನ ಮಿತಿ ಇರೋದರಿಂದ ಆ ಹೊಲಕ್ಕೆ ₹17,000 ಲೆಕ್ಕ. ಅದು ಮಾಲೀಕರ ಖಾತೆಗೆ ಹೋಗಿದೆ. ಬಿತ್ತಿದವರಿಗೆ ಒಂದು ರೂಪಾಯಿ ಇಲ್ಲ. ಇನ್ನೊಂದು ಪಕ್ಕ ಕುರಿ ಸಾಕುವ ಮನೆ. ಅವರಿಗೆ ಹೊಲವೇ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಮೇವು ಸಿಗದೆ ಅರ್ಧ ಹಿಂಡನ್ನು ಮಾರಿದರು.

ನನಗೆ ಕಾಣೋದು ಇಷ್ಟು. ಪರಿಹಾರ ಪಹಣಿ ಇರುವ ಮನೆಗೆ ಹೋಗುತ್ತಿದೆ. ನಷ್ಟ ಆದ ಮನೆ ಎಷ್ಟೋ ಕಡೆ ಬೇರೆಯೇ ಇದೆ. ನಿಮ್ಮ ಊರಲ್ಲಿ ಹೇಗೆ?

ಹಿರಿಯೂರು ಹುಡುಗ
ಮೇ 10

ಅಣ್ಣ, ನಮಗೆ ಇನ್ನೂ ಬಂದಿಲ್ಲ. ಅಪ್ಪನ ಹೆಸರಲ್ಲಿ ಎರಡೂವರೆ ಎಕರೆ, ಮೆಕ್ಕೆಜೋಳ ಹಾಕಿದ್ವಿ. ಪಕ್ಕದ ಹೊಲದವರಿಗೆ ಬಂದಿದೆ. ಯಾರನ್ನ ಕೇಳಿದರೂ ಬರುತ್ತೆ ಇರಪ್ಪ ಅಂತಾರೆ. ಅರ್ಜಿ ಏನಾದರೂ ಕೊಡಬೇಕಿತ್ತಾ?

ನಿವೃತ್ತ ಕಂದಾಯ
ಮೇ 10

ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹುಡುಗನ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಉಳಿದವರಿಗೂ ಉಪಯೋಗ ಆಗಬಹುದು.

ಈ ಸಲ ರೈತರಿಂದ ಅರ್ಜಿ ತಗೊಂಡಿಲ್ಲ. ಎಲ್ಲ ಕಂಪ್ಯೂಟರಿನಲ್ಲೇ ಜೋಡಿಸಿದ್ದಾರೆ. ಪಹಣಿಯಲ್ಲಿ ಯಾರ ಹೆಸರಿದೆ, ಆ ಹೆಸರಿಗೆ ಫ್ರೂಟ್ಸ್‌ನಲ್ಲಿ (ರೈತರ ನೋಂದಣಿ ತಂತ್ರಾಂಶ) ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಇದೆಯಾ, ಆ ಸರ್ವೆ ನಂಬರಿನಲ್ಲಿ ಬೆಳೆ ಸಮೀಕ್ಷೆಯವರು ಯಾವ ಬೆಳೆ ಬರೆದಿದ್ದಾರೆ, ಕೊನೆಗೆ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆ. ಇದರಲ್ಲಿ ಎಲ್ಲಿ ತಪ್ಪಿದರೂ ದುಡ್ಡು ಅಲ್ಲೇ ನಿಲ್ಲುತ್ತದೆ.

ಪರಿಹಾರ ತಂತ್ರಾಂಶದ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ಆಧಾರ್ ನಂಬರ್, ಎಫ್‌ಐಡಿ, ಮೊಬೈಲ್ ಅಥವಾ ಸರ್ವೆ ನಂಬರ್ ಹಾಕಿದರೆ ಸಾಕು. ವರ್ಷ, ಮುಂಗಾರು, ಬರ ಅಂತ ಆರಿಸಿ. ನಿಮ್ಮ ಹೆಸರೇ ಬರಲಿಲ್ಲ ಅಂದರೆ ತೊಂದರೆ ಎಫ್‌ಐಡಿಯಲ್ಲೋ ಬೆಳೆ ಸಮೀಕ್ಷೆಯಲ್ಲೋ ಇದೆ. ಹೆಸರು ಬಂದು ಪಾವತಿ ವಿಫಲ ಅಂತಿದ್ದರೆ ತೊಂದರೆ ಬ್ಯಾಂಕಿನಲ್ಲಿ.

ಎಫ್‌ಐಡಿ ಇದೆ ಅಂತ ಸುಮ್ನೆ ಇರಬೇಡಿ. ಎಷ್ಟೋ ಜನರಿಗೆ ನಂಬರ್ ಇದೆ, ಆದರೆ ನಾಲ್ಕು ಸರ್ವೆ ನಂಬರಿನಲ್ಲಿ ಒಂದೇ ಸೇರಿಸಿರುತ್ತಾರೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಎಲ್ಲವನ್ನೂ ಸೇರಿಸಿಕೊಳ್ಳಿ. ಬೆಳೆ ಏನು ಬರೆದಿದ್ದಾರೆ ಅನ್ನೋದು ಬೆಳೆ ದರ್ಶಕ್ ಆ್ಯಪಿನಲ್ಲಿ ಸಿಗುತ್ತದೆ. ಹೊಲದ ಫೋಟೊ ಸಮೇತ ಇರುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಅದಕ್ಕೆ ಗಡುವು ಇರುತ್ತದೆ. ಸಮೀಕ್ಷೆ ಆದ ತಕ್ಷಣ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಮುಂದಿನ ವರ್ಷ ಈ ಪಾಡು ತಪ್ಪುತ್ತದೆ.

ಹಿರಿಯೂರು ಹುಡುಗ
ಮೇ 11

ಸರ್, ನೋಡಿದೆ. ಅಪ್ಪನ ಹೆಸರಿದೆ, ಹಣ ಪಾವತಿ ಆಗಿದೆ ಅಂತಲೇ ತೋರಿಸುತ್ತಿದೆ! ಆದರೆ ನಮ್ಮ ಪಾಸ್‌ಬುಕ್ಕಿನಲ್ಲಿ ಇಲ್ಲ.

ನಿವೃತ್ತ ಕಂದಾಯ
ಮೇ 11

ಹಾಗಾದರೆ ಬೇರೆ ಖಾತೆಗೆ ಹೋಗಿದೆ ಮಗಾ. ಆಧಾರ್ ಮೂಲಕ ಬರುವ ಹಣ ನೀವು ಕೊಟ್ಟ ಅಕೌಂಟ್ ನಂಬರ್ ನೋಡಿ ಬರೋದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐಯಲ್ಲಿ ಕೊನೆಗೆ ಯಾವ ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ ಬೀಳುತ್ತದೆ. ಅಪ್ಪ ಎಂದಾದರೂ ಗ್ಯಾಸ್ ಸಬ್ಸಿಡಿಗೋ, ಉದ್ಯೋಗ ಖಾತರಿಗೋ ಇನ್ನೊಂದು ಖಾತೆ ತೆರೆದಿದ್ದರಾ ಕೇಳು. ಮೊಬೈಲ್ ಸಿಮ್ ತಗೊಳ್ಳುವಾಗ ತೆರೆದ ಪೇಮೆಂಟ್ ಬ್ಯಾಂಕಿನ ಖಾತೆಯೂ ಇರಬಹುದು.

ಹಿರಿಯೂರು ಹುಡುಗ
ಮೇ 13

ಸಿಕ್ಕಿತು ಸರ್. ಉದ್ಯೋಗ ಖಾತರಿಗೆ ಅಂತ ತೆರೆದಿದ್ದ ಹಳೇ ಖಾತೆಯಲ್ಲಿ ಬಿದ್ದಿತ್ತು. ಜನವರಿಯ ಎರಡು ಸಾವಿರವೂ ಅಲ್ಲೇ ಇತ್ತು. ಅಪ್ಪ ಅದನ್ನ ಮರೆತೇ ಬಿಟ್ಟಿದ್ದರು. ತುಂಬಾ ಉಪಕಾರ ಆಯಿತು.

ಮೊಳಕಾಲ್ಮೂರು ಅಕ್ಕ
ಮೇ 13

ನಿವೃತ್ತ ಸರ್, ನಂದೊಂದು ಪ್ರಶ್ನೆ. ಪಹಣಿ ಇನ್ನೂ ನಮ್ಮ ಮಾವನವರ ಹೆಸರಲ್ಲೇ ಇದೆ. ಅವರು ತೀರಿಕೊಂಡು ತುಂಬಾ ವರ್ಷ ಆಯಿತು. ನಮ್ಮ ಯಜಮಾನರೂ ಈಗಿಲ್ಲ. ಹೊಲ ಮಾಡೋದು ನಾನೇ. ಮೈದುನರು ಇಬ್ಬರು ಊರು ಬಿಟ್ಟು ಹೋಗಿದ್ದಾರೆ, ಸಹಿ ಹಾಕೋಕೆ ಬನ್ನಿ ಅಂದರೆ ಈ ಹಬ್ಬಕ್ಕೆ, ಮುಂದಿನ ಹಬ್ಬಕ್ಕೆ ಅಂತಾರೆ. ಇದರಿಂದ ಬೆಳೆ ಪರಿಹಾರ ಇಲ್ಲ, ಪಿಎಂ ಕಿಸಾನ್ ಇಲ್ಲ, ಬೆಳೆ ಸಾಲ ಇಲ್ಲ. ಬರ ಮಾತ್ರ ನಮ್ಮ ಹೊಲಕ್ಕೂ ಬಂತು.

ನಿವೃತ್ತ ಕಂದಾಯ
ಮೇ 14

ಅಕ್ಕಾ, ನಿಮ್ಮಂಥ ಮನೆ ಪ್ರತಿ ಊರಲ್ಲೂ ಇವೆ. ಇದನ್ನು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಯೇ ಸರಿಮಾಡಬೇಕು, ಬೇರೆ ದಾರಿ ಇಲ್ಲ. ಮಾವನವರ ಮತ್ತು ಯಜಮಾನರ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಒಂದು ಮಾತು ನೆನಪಿರಲಿ. ಪೌತಿ ಖಾತೆ ಬೇರೆ, ಭಾಗ ಬೇರೆ. ಮೈದುನರು ಭಾಗಕ್ಕೆ ಒಪ್ಪಬೇಕಾಗಿಲ್ಲ. ವಾರಸುದಾರರ ಹೆಸರೆಲ್ಲ ಜಂಟಿಯಾಗಿ ಪಹಣಿಗೆ ಬರುತ್ತದೆ, ಅದರಲ್ಲಿ ನಿಮ್ಮದೂ ಇರುತ್ತದೆ. ಅಷ್ಟಾದರೆ ನಿಮಗೆ ಎಫ್‌ಐಡಿ ಆಗುತ್ತದೆ. ಹಬ್ಬಕ್ಕೆ ಬರುವವರೆಗೂ ಕಾಯಬೇಡಿ. ಅರ್ಜಿ ಕೊಟ್ಟರೆ ನೋಟಿಸ್ ಅವರಿಗೇ ಹೋಗುತ್ತದೆ.

ಸಾವು ಆದ ಮನೆಯಲ್ಲಿ ತಿಥಿ ಮುಗಿದ ಮೇಲೆ ಖಾತೆ ಬದಲಾವಣೆ ಮಾಡಿಸುವುದನ್ನು ನಮ್ಮ ಜನ ಮುಂದಕ್ಕೆ ಹಾಕುತ್ತಲೇ ಇರುತ್ತಾರೆ. ಮೂರು ತಲೆಮಾರು ಹಿಂದಿನವರ ಹೆಸರಲ್ಲಿ ಪಹಣಿ ಇರೋದನ್ನು ಕೆಲಸದಲ್ಲಿದ್ದಾಗ ಎಷ್ಟು ನೋಡಿದ್ದೇನೋ. ಕೊನೆಗೆ ಅದರ ಪೆಟ್ಟು ಬೀಳೋದು ಹೊಲದಲ್ಲಿ ನಿಂತು ದುಡಿಯುವ ಹೆಣ್ಣುಮಗಳಿಗೆ.

ಕೋರು ಬೇಸಾಯ
ಮೇ 14

ಶೇಂಗಾ ಹೊಲ ಅಣ್ಣ ಬರೆದಿರೋದು ನಮ್ಮಂಥವರ ವಿಷಯ. ನಾನೂ ಪರಶುರಾಂಪುರ ಕಡೆ ಕೋರಿಗೆ ಮಾಡುವವನು. ಸ್ವಂತದ್ದು ಮುಕ್ಕಾಲು ಎಕರೆ, ಕೋರಿನದ್ದು ನಾಲ್ಕು. ನನ್ನ ಮುಕ್ಕಾಲು ಎಕರೆಗೆ ಬಂದಿದೆ. ನಾಲ್ಕು ಎಕರೆಯದ್ದು ಸಾಹುಕಾರರ ಖಾತೆಗೆ ಹೋಯಿತು. ಬಾಯಿ ಬಿಟ್ಟು ಕೇಳಿದೆ. ಸರ್ಕಾರ ನನ್ನ ಹೆಸರಿಗೆ ಹಾಕಿದೆ, ನಾನೇನು ಕಿತ್ತುಕೊಂಡೆನಾ ಅಂದರು. ಅದೂ ನಿಜವೇ. ಜಾಸ್ತಿ ಮಾತಾಡಿದರೆ ಮುಂದಿನ ವರ್ಷ ಹೊಲ ಬೇರೆಯವರಿಗೆ ಕೊಡುತ್ತಾರೆ. ಸುಮ್ಮನಾದೆ.

ಬೀಜ ಗೊಬ್ಬರ ತಂದದ್ದು ಅಂಗಡಿ ಸಾಲ. ಬ್ಯಾಂಕಿನಲ್ಲಿ ಸಾಲ ಕೇಳೋಕೆ ಪಹಣಿ ಬೇಕಲ್ಲ. ಅಂಗಡಿಯವರದು ನೂರಕ್ಕೆ ಮೂರು ರೂಪಾಯಿ ಬಡ್ಡಿ, ತಿಂಗಳಿಗೆ. ಬೆಳೆ ಬಂದಿದ್ದರೆ ತೀರುತ್ತಿತ್ತು. ಈಗ ಹೆಂಡತಿ ಮತ್ತು ನಾನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಿದ್ದೇವೆ. ಮಕ್ಕಳು ಅಜ್ಜಿ ಹತ್ತಿರ.

ಬೆಂಗಳೂರು ವಾಸಿ, ಊರು ಚಳ್ಳಕೆರೆ
ಮೇ 15

ನಾನು ಜಮೀನು ಕೋರಿಗೆ ಕೊಟ್ಟಿರುವ ಕಡೆಯವನು. ನನ್ನ ಮಾತನ್ನೂ ಕೇಳಿ.

ನನಗೆ ಬಂದ ದುಡ್ಡಿನಲ್ಲಿ ಅರ್ಧ, ಹೊಲ ಮಾಡುವವರಿಗೆ ಕೊಟ್ಟೆ. ಎಲ್ಲ ಮಾಲೀಕರೂ ದುಷ್ಟರಲ್ಲ. ಆ ವರ್ಷ ನನಗೂ ಕೋರು ಬರಲಿಲ್ಲ. ಇನ್ನು ಕೋರಿಗೆ ಕೊಟ್ಟದ್ದನ್ನು ಕಾಗದದಲ್ಲಿ ಬರೆದು ಕೊಡಿ ಅಂತ ಕೆಲವರು ಕೇಳುತ್ತಾರೆ. ಕೊಡೋಕೆ ಧೈರ್ಯ ಬರೋದಿಲ್ಲ. ನಮ್ಮ ತಾತನವರ ಹನ್ನೆರಡು ಎಕರೆ ಗೇಣಿದಾರರಿಗೆ ಹೋಯಿತು. ಉಳುವವನೇ ಒಡೆಯ ಅನ್ನುವ ಕಾನೂನು ಸರಿಯಾದದ್ದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಭಯ ಮನೆಯಲ್ಲಿ ಇನ್ನೂ ಇದೆ. ನಮ್ಮ ತಾಯಿ ಒಂದು ಚೀಟಿಯ ಮೇಲೂ ಸಹಿ ಹಾಕಬೇಡ ಅಂತಾರೆ. ಜಮೀನು ಉಳಿಯುತ್ತದೆ ಅನ್ನುವ ಭರವಸೆ ಕಾನೂನಿನಲ್ಲೇ ಇದ್ದರೆ ನಾನು ನಾಳೆಯೇ ಸಹಿ ಹಾಕುತ್ತೇನೆ.

ಶೇಂಗಾ ಹೊಲ
ಮೇ 15

ಸರ್, ನೀವು ಅರ್ಧ ಕೊಟ್ಟದ್ದು ದೊಡ್ಡ ಮಾತು. ಭಯದ ಬಗ್ಗೆ ಹೇಳಿದ್ದೂ ಸರಿ ಇದೆ. ನಿಜವಾದ ಗಂಟು ಅಲ್ಲೇ ಇರೋದು. ನಮ್ಮ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಆದ ಮೇಲೆ ಗೇಣಿಗೆ ಕೊಡುವುದೇ ನಿಷೇಧ. ಸೈನಿಕರು, ನಾವಿಕರಿಗೆ ಮಾತ್ರ ವಿನಾಯಿತಿ. ಲಕ್ಷಾಂತರ ಜನಕ್ಕೆ ಭೂಮಿ ಕೊಟ್ಟ ಕಾಯ್ದೆ ಅದು, ನಮ್ಮ ಮನೆಯ ಮೂರು ಎಕರೆಯೂ ಅದರಿಂದಲೇ ಬಂದದ್ದು. ಆದರೆ ಆಮೇಲೆ ಹುಟ್ಟಿದ ಕೋರು, ಗುತ್ತಿಗೆ ಎಲ್ಲ ಬಾಯಿಮಾತಿನಲ್ಲೇ ಉಳಿಯಿತು. ಕಾನೂನಿನ ಲೆಕ್ಕದಲ್ಲಿ ಕೋರು ರೈತ ಅಂತ ಒಬ್ಬ ಇಲ್ಲವೇ ಇಲ್ಲ. ಇಲ್ಲದವನಿಗೆ ಪರಿಹಾರ ಎಲ್ಲಿಂದ ಬರಬೇಕು?

ಗಡಿ ದಾಟಿದರೆ ಕಲ್ಯಾಣದುರ್ಗ, ಆಂಧ್ರ. ನಮ್ಮವರ ನೆಂಟಸ್ತಿಕೆ ಎಲ್ಲ ಅಲ್ಲೇ. ಅಲ್ಲಿ 2019ರಲ್ಲಿ ಕೌಲು (ಗುತ್ತಿಗೆ) ರೈತರಿಗೆ ಅಂತ ಒಂದು ಕಾನೂನು ಮಾಡಿದ್ದಾರೆ. ಹನ್ನೊಂದು ತಿಂಗಳಿಗೆ ಒಂದು ಕಾರ್ಡು. ಬೆಳೆಯ ಮೇಲೆ ಮಾತ್ರ ಹಕ್ಕು, ಜಮೀನಿನ ಮೇಲೆ ಏನೂ ಇಲ್ಲ. ಬೆಳೆ ಸಾಲ, ವಿಮೆ, ಪರಿಹಾರಕ್ಕೆ ಅದನ್ನು ತೋರಿಸಬಹುದು. ಅದಕ್ಕೂ ಮಾಲೀಕರ ಸಹಿ ಬೇಕು, ಹಾಗಾಗಿ ಅಲ್ಲೂ ಎಷ್ಟೋ ಜನಕ್ಕೆ ಸಿಕ್ಕಿಲ್ಲ. ಆದರೂ ಕೇಳೋಕೆ ಒಂದು ದಾರಿ ಇದೆ. ನಮ್ಮಲ್ಲಿ ಆ ದಾರಿಯೂ ಇಲ್ಲ.

ಕುರಿಹಟ್ಟಿ
ಮೇ 16

ಕುರಿ ಸಾಕುವವರ ಮಾತು ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಪ್ಪ ಈಗಲೂ ಹಿಂಡಿನ ಜೊತೆ ಇದ್ದಾರೆ. ನಾನು ಡಿಗ್ರಿ ಮುಗಿಸಿ ಊರಲ್ಲಿದ್ದೇನೆ.

ಬರ ಬಂದರೆ ಕುರಿ ಸಾಯೋದಿಲ್ಲ. ಅದಕ್ಕಿಂತ ಮುಂಚೆಯೇ ನಾವು ಮಾರಿಬಿಡುತ್ತೇವೆ. ಇದು ಮೊದಲು ಅರ್ಥ ಆಗಬೇಕು. ಸತ್ತರೆ ಪರಿಹಾರ ಇದೆ. ಅನುಗ್ರಹ ಯೋಜನೆ ಮತ್ತೆ ಶುರುವಾಗಿದೆ, 2024ರ ದರದಲ್ಲಿ ಆರು ತಿಂಗಳು ದಾಟಿದ ಕುರಿ ಮೇಕೆಗೆ ₹5,000, ದನಕ್ಕೆ ₹10,000. ವಿಪತ್ತಿನಲ್ಲಿ ಸತ್ತರೆ ಕುರಿಗೆ ₹4,000, ಒಂದು ಮನೆಗೆ ಮೂವತ್ತರ ತನಕ. ಆದರೆ ಬದುಕಿರುವ ಕುರಿಯನ್ನು ಸಾಯದ ಹಾಗೆ ನೋಡಿಕೊಳ್ಳೋಕೆ ಏನೂ ಇಲ್ಲ.

ಹೋದ ವರ್ಷ ಹೀಗಾಯಿತು. ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಸಿಗುವ ಹೊಟ್ಟು, ಸೊಪ್ಪು ನಮ್ಮ ಹಿಂಡಿಗೆ ಆಧಾರ. ಬೆಳೆ ಇಲ್ಲ ಅಂದರೆ ಅದೂ ಇಲ್ಲ. ಬೇರೆ ವರ್ಷ ಭದ್ರಾ ಅಚ್ಚುಕಟ್ಟಿನ ಕಡೆ ಹೋಗುತ್ತಿದ್ದೆವು. ಅಲ್ಲಿ ಗದ್ದೆಯಲ್ಲಿ ಗೊಬ್ಬರಕ್ಕೆ ಅಂತ ಮಂದೆ ತರುಬಿದರೆ ಕಾಳೋ ಕಾಸೋ ಕೊಡುತ್ತಿದ್ದರು. ಈ ಸಲ ನಾಲೆಯಲ್ಲೂ ನೀರು ಕಡಿಮೆ, ಅಲ್ಲಿಯವರಿಗೇ ಮೇವಿಲ್ಲ. ಸಂತೆಗೆ ಹೊಡೆದುಕೊಂಡು ಹೋದೆವು. ಎಲ್ಲರೂ ಒಟ್ಟಿಗೆ ಬಂದಿದ್ದರು. ದಲ್ಲಾಳಿ ಕುರಿಯ ಬೆನ್ನು ಮುಟ್ಟಿ, ಮೂಳೆ ಸಿಗುತ್ತೆ ಅಂತ ಹೇಳಿ ಅರ್ಧ ಬೆಲೆ ಕೇಳಿದ. ವಾಪಸ್ ಹೊಡೆದುಕೊಂಡು ಬಂದರೆ ಹಾಕೋಕೆ ಮೇವಿಲ್ಲ. ಮರಿ ಹಾಕುವ ಹೆಣ್ಣು ಕುರಿಗಳನ್ನೇ ಕೊಟ್ಟುಬಿಟ್ಟೆವು. ಹೆಣ್ಣು ಕುರಿ ಹೋದರೆ ಮುಂದಿನ ಎರಡು ಮೂರು ವರ್ಷದ ಮರಿಯೂ ಹೋದ ಹಾಗೆ. ಆ ನಷ್ಟವನ್ನು ಯಾವ ಸಮೀಕ್ಷೆಯವರೂ ಬರೆದುಕೊಳ್ಳಲಿಲ್ಲ.

ಗೋಶಾಲೆ, ಮೇವು ಬ್ಯಾಂಕ್ ಅಂತಾರೆ. ಶಿಬಿರದಲ್ಲಿ ದೊಡ್ಡ ದನಕ್ಕೆ ದಿನಕ್ಕೆ ₹80, ಸಣ್ಣದಕ್ಕೆ ₹45 ಅಂತ ನಿಯಮದಲ್ಲಿದೆ. ಆದರೆ ಕುರಿ ಹಿಂಡು ಶಿಬಿರದಲ್ಲಿ ಕಟ್ಟಿ ಮೇಯುವ ಪ್ರಾಣಿ ಅಲ್ಲ. ನಮಗೆ ಬೇಕಾದ್ದು ಮೇವಿನ ದುಡ್ಡು, ಕುರಿ ಲೆಕ್ಕದಲ್ಲಿ. ಮತ್ತೆ ಮೇಯಿಸುವ ಜಾಗ. ವರವು ಕಾವಲು, ಉಳ್ಳಾರ್ತಿ ಕಾವಲು, ಖುದಾಪುರ ಎಲ್ಲ ಮೊದಲು ಬಯಲು. ಬರದ ವರ್ಷ ಅದೇ ನಮ್ಮನ್ನು ಕಾಯುತ್ತಿತ್ತು. ಸುಮಾರು 10,000 ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಗೋಡೆ ಎದ್ದಿತು. ಪಹಣಿಯಲ್ಲಿ ನಮ್ಮ ಹೆಸರು ಎಂದೂ ಇರಲಿಲ್ಲ, ಹಾಗಾಗಿ ನಮ್ಮದು ಏನೂ ಹೋಗಿಲ್ಲ ಅಂತ ಲೆಕ್ಕ.

ಕಿಲಾರಿ ಮನೆ
ಮೇ 16

ಕುರಿಹಟ್ಟಿಯವರ ಮಾತಿಗೆ ನಂದೊಂದು ಸೇರಿಸುತ್ತೇನೆ. ನಮ್ಮ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಇವನ್ನು ಮಾರುವ ಹಾಗಿಲ್ಲ, ಉಳುಮೆಗೂ ಕಟ್ಟುವ ಹಾಗಿಲ್ಲ. ಅವನ್ನು ಕಾಯುವ ಕಿಲಾರಿಗಳು ಕಾಡಿನಲ್ಲಿ, ಕಾವಲಿನಲ್ಲಿ ಮೇಯಿಸಿಕೊಂಡು ಬರುತ್ತಾರೆ. ಬರ ಬಂದಾಗ ಹುಲ್ಲಿಗಾಗಿ ಊರೂರು ತಿರುಗಿ ಬೇಡುತ್ತೇವೆ. ದಾನಿಗಳು ಲೋಡು ಮೇವು ಕಳಿಸಿದರೆ ಉಂಟು. ಎತ್ತು ದೇವರದು. ದೇವರಿಗೆ ಆಧಾರ್ ಇಲ್ಲ, ಎಫ್‌ಐಡಿ ಇಲ್ಲ. ಕಿಲಾರಿಗೆ ಸಂಬಳವೂ ಇಲ್ಲ. ಕೊಡೋಕೆ ಮನಸ್ಸಿದ್ದರೂ ಯಾರ ಖಾತೆಗೆ ಹಾಕಬೇಕು ಅನ್ನುತ್ತಾರೆ. ಹಟ್ಟಿಯ ಹೆಸರಲ್ಲಿ ಮೇವನ್ನೇ ಕೊಡಲಿ, ದುಡ್ಡು ಬೇಡ.

ಟೆಕ್ಸಾಸ್‌ನಿಂದ
ಮೇ 17

ನನ್ನ ಊರು ಹೊಸದುರ್ಗ ಕಡೆ. ಈಗ ಟೆಕ್ಸಾಸ್‌ನಲ್ಲಿದ್ದೇನೆ, ಪಶು ಆಹಾರದ ಕಂಪನಿಯಲ್ಲಿ ಕೆಲಸ. ದನ ಸಾಕುವವರ ಜೊತೆಯೇ ದಿನಾ ಒಡನಾಟ. ಕುರಿಹಟ್ಟಿಯವರು ಬರೆದದ್ದು ಓದಿ, ಇಲ್ಲಿಯ ಒಂದು ವ್ಯವಸ್ಥೆ ಹೇಳಬೇಕು ಅನ್ನಿಸಿತು.

ಇಲ್ಲಿ ಬರಕ್ಕೆ ಹುಲ್ಲು ಒಣಗಿದರೆ ಅದಕ್ಕೇ ಒಂದು ಯೋಜನೆ ಇದೆ. ಪ್ರಾಣಿ ಸಾಯುವ ತನಕ ಕಾಯೋದಿಲ್ಲ. ಪ್ರತಿ ಗುರುವಾರ ಇಡೀ ದೇಶದ ಬರದ ನಕ್ಷೆ ಬರುತ್ತದೆ. ನಮ್ಮ ಜಿಲ್ಲೆ ಇದ್ದ ಹಾಗೆ ಇಲ್ಲಿ ಕೌಂಟಿ. 2024ರ ನಿಯಮದಲ್ಲಿ, ಮೇಯುವ ಕಾಲದಲ್ಲಿ ಒಂದು ಕೌಂಟಿ ಸತತ ಎಂಟು ವಾರ ತೀವ್ರ ಬರದಲ್ಲಿ ಇದ್ದರೆ ಒಂದು ತಿಂಗಳ ಮೇವಿನ ಖರ್ಚಿನ ಶೇ 60ರ ಲೆಕ್ಕದಲ್ಲಿ ಹಣ. ಬರ ಅದಕ್ಕಿಂತ ಘೋರ ಇದ್ದರೆ ಮೂರು, ನಾಲ್ಕು, ಐದು ತಿಂಗಳ ತನಕ. ಕುರಿ, ಮೇಕೆಗೂ ಇದೆ. ಜಮೀನು ಬಾಡಿಗೆಗೆ ತಗೊಂಡು ಮೇಯಿಸುತ್ತಿದ್ದರೆ ಹಣ ಪ್ರಾಣಿ ಸಾಕುವವನಿಗೇ. ಹಿಂದಿನ ಎರಡು ವರ್ಷದಲ್ಲಿ ಬರಕ್ಕೆ ಹೆದರಿ ಮಾರಿದ ಪ್ರಾಣಿಗಳಿಗೂ ಅದೇ ದರದ ಶೇ 80ರಷ್ಟು ಕೊಡುತ್ತಾರೆ. ಅಂದರೆ ಮಾರಿದ್ದನ್ನೂ ನಷ್ಟ ಅಂತ ಒಪ್ಪುತ್ತಾರೆ.

2021ರ ಬರ ಜೋರಾಗಿತ್ತು. ಆಗ ಈ ಹಣ ಸಾಲದು ಅಂತ 2022ರಲ್ಲಿ ತುರ್ತು ಪರಿಹಾರ ಇನ್ನೊಂದು ಕೊಟ್ಟರು. ಮೊದಲೇ ಹೆಸರು ಇದ್ದವರಿಗೆ ಹೊಸ ಅರ್ಜಿ ಕೇಳಲಿಲ್ಲ. ಇಲ್ಲಿ ಎಲ್ಲ ಚೆನ್ನ ಅಂತ ನಾನು ಹೇಳುತ್ತಿಲ್ಲ. ಇಲ್ಲೂ ಬಾಡಿಗೆ ಕರಾರು, ಪ್ರಾಣಿಗಳ ಲೆಕ್ಕ ಎಲ್ಲ ಕಾಗದದಲ್ಲಿ ಬೇಕು. ದುಡ್ಡಿರುವ ದೇಶ ಅಂತ ನೀವು ಹೇಳಬಹುದು, ಅದೂ ಸರಿ. ಆದರೆ ಮೊತ್ತ ಬಿಟ್ಟು ಅದರ ಕ್ರಮ ನೋಡಿ. ಹುಲ್ಲು ಒಣಗಿದ್ದಕ್ಕೆ ದುಡ್ಡು, ಅದೂ ಪ್ರಾಣಿ ಸಾಕುವವನ ಕೈಗೆ.

ನಿವೃತ್ತ ಕಂದಾಯ
ಮೇ 18

ಒಳ್ಳೆಯ ವಿಷಯ ಹೇಳಿದಿರಿ. ನಮ್ಮಲ್ಲಿ ಇದಕ್ಕೆ ಬೇಕಾದ ಮಾಹಿತಿ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ. ಬರ ಘೋಷಣೆಗೆ ಮೂರು ವಾರದ ಒಣ ಹವೆ, ಮಣ್ಣಿನ ತೇವ, ಉಪಗ್ರಹದಿಂದ ಕಾಣುವ ಹಸಿರು ಎಲ್ಲ ನೋಡುತ್ತಾರೆ. ಹಸಿರು ಒಣಗಿದ್ದು ಉಪಗ್ರಹಕ್ಕೆ ಕಾಣುತ್ತದೆ ಅಂದರೆ ಹುಲ್ಲು ಒಣಗಿದ್ದೂ ಕಾಣುತ್ತದೆ, ಅಲ್ವಾ? 2019ರ ಗಣತಿ ಪ್ರಕಾರ ರಾಜ್ಯದಲ್ಲಿ 1.1 ಕೋಟಿ ಕುರಿ ಇವೆ. ದನಕ್ಕೆ ಕಿವಿ ಬಿಲ್ಲೆ ಹಾಕಿ ನಂಬರ್ ಕೊಟ್ಟಿದ್ದಾರೆ.

ರಾಜ್ಯ ಕೇಳಿದ ₹18,171 ಕೋಟಿಯಲ್ಲಿ ಬೆಳೆಗೆ ₹4,663 ಕೋಟಿ, ಜಾನುವಾರು ಪಾಲನೆಗೆ ₹363 ಕೋಟಿ ಇತ್ತು. ಕೇಳುವಾಗಲೇ ಇಷ್ಟು ಕಡಿಮೆ. ಕುರಿಗಾರರ ನಷ್ಟ ಬರೆದುಕೊಳ್ಳುವ ಕಾಲಂ ಇಲ್ಲದಿದ್ದರೆ ಕೇಳೋದಾದರೂ ಹೇಗೆ?

ಕೋರು ರೈತರ ವಿಷಯದಲ್ಲಿ ಮಾತ್ರ ನನಗೊಂದು ಅಳುಕು. ಬಾಯಿಮಾತಿನ ಮೇಲೆ ಕೊಡುತ್ತಾ ಹೋದರೆ ಊರ ರಾಜಕೀಯ ನುಗ್ಗುತ್ತದೆ. ಒಂದೇ ಹೊಲಕ್ಕೆ ಮೂವರು ಬರುತ್ತಾರೆ. ಪರಿಹಾರ ಪಟ್ಟಿಯಲ್ಲಿ ಕಳ್ಳ ಹೆಸರು ಸೇರಿದ್ದನ್ನು ಹಳೇ ಕಾಲದಲ್ಲಿ ಕಣ್ಣಾರೆ ಕಂಡಿದ್ದೇನೆ. ಈಗ ಕಂಪ್ಯೂಟರ್ ಬಂದು ಅದು ಎಷ್ಟೋ ನಿಂತಿದೆ.

ಶೇಂಗಾ ಹೊಲ
ಮೇ 18

ಸರ್, ಅಳುಕು ಸರಿ. ಆದರೆ ಬಿತ್ತನೆ ಆದ ತಿಂಗಳಲ್ಲೇ ಬೆಳೆ ಸಮೀಕ್ಷೆಗೆ ಹುಡುಗರು ಹೊಲಕ್ಕೆ ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಆಗ ಯಾರಿಗೂ ಬರ ಬರುತ್ತದೆ ಅಂತ ಗೊತ್ತಿರೋದಿಲ್ಲ. ಹೊಲದಲ್ಲಿ ನಿಂತಿರುವವರು ಯಾರು, ಈ ಬೆಳೆ ಇಟ್ಟವರು ಯಾರು ಅಂತ ಅವತ್ತೇ ಒಂದು ಸಾಲು ಬರೆದುಕೊಂಡರೆ ಆಮೇಲೆ ಕಳ್ಳ ಹೆಸರು ಸೇರೋದು ಕಷ್ಟ. ಮಾಲೀಕರಿಗೂ ಒಂದು ಮೆಸೇಜ್ ಹೋಗಲಿ, ಆಕ್ಷೇಪಣೆ ಇದ್ದರೆ ಹೇಳಲಿ. ಇದರಿಂದ ಜಮೀನಿನ ಹಕ್ಕು ಬದಲಾಗೋದಿಲ್ಲ ಅಂತ ಕಾನೂನಿನಲ್ಲೇ ಬರೆಯಲಿ.

ಬೆಂಗಳೂರು ವಾಸಿ, ಊರು ಚಳ್ಳಕೆರೆ
ಮೇ 18

ಇದಕ್ಕೆ ನನ್ನ ಒಪ್ಪಿಗೆ ಇದೆ. ಕಾನೂನಿನಲ್ಲಿ ಬರೆದರೆ ನಮ್ಮ ತಾಯಿಯನ್ನು ನಾನು ಒಪ್ಪಿಸುತ್ತೇನೆ.

ಈರುಳ್ಳಿ ಬೆಳೆಗಾರ
ಮೇ 19

ಒಂದು ತುರ್ತು ವಿಷಯ. ನನಗೆ ಬಂದ ಪರಿಹಾರವನ್ನು ಬ್ಯಾಂಕಿನವರು ಹಳೇ ಬೆಳೆ ಸಾಲಕ್ಕೆ ಮುರಿದುಕೊಂಡಿದ್ದಾರೆ. ಹೀಗೆ ಮಾಡಬಹುದಾ? ಬೆಳೆ ವಿಮೆ ಕಟ್ಟಿದ್ದೆ, ಅದು ಬಂದರೆ ಪರಿಹಾರ ಬರೋದಿಲ್ಲ ಅಂತಾನೂ ಯಾರೋ ಹೇಳಿದರು.

ನಿವೃತ್ತ ಕಂದಾಯ
ಮೇ 19

ಮುರಿದುಕೊಳ್ಳಬಾರದು. ಪರಿಹಾರದ ಹಣವನ್ನು ಸಾಲಕ್ಕೆ ಜಮೆ ಮಾಡಬೇಡಿ ಅಂತ ಸರ್ಕಾರವೇ ಬ್ಯಾಂಕುಗಳಿಗೆ ಹೇಳಿದೆ. ಪಾಸ್‌ಬುಕ್ಕಿನ ಆ ಪುಟದ ಜೆರಾಕ್ಸ್ ಇಟ್ಟು ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಗೆ. ಬಾಯಲ್ಲಿ ಕೇಳಿ ವಾಪಸ್ ಬರಬೇಡಿ.

ವಿಮೆ ಬೇರೆ, ಪರಿಹಾರ ಬೇರೆ. ವಿಮೆಗೆ ನೀವು ಕಂತು ಕಟ್ಟಿದ್ದೀರಿ. ಅದು ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ ಇಳುವರಿ ನೋಡಿ ಬರುತ್ತದೆ. ಎರಡೂ ಬರಬಹುದು.

ಶೇಂಗಾ ಹೊಲ
ಮೇ 20

ಇಲ್ಲಿ ಬಂದ ಮಾತುಗಳನ್ನೆಲ್ಲ ಇಟ್ಟುಕೊಂಡು ಒಂದು ಮನವಿ ಬರೆಯುತ್ತಿದ್ದೇನೆ. ಜೂನ್ 4ಕ್ಕೆ ಲೋಕಸಭೆ ಚುನಾವಣೆಯ ಎಣಿಕೆ ಮುಗಿದು, ನೀತಿ ಸಂಹಿತೆ ತೆರವಾದ ಮೇಲೆ ತಹಶೀಲ್ದಾರರಿಗೂ ಜಿಲ್ಲಾ ಉಸ್ತುವಾರಿ ಸಚಿವರಿಗೂ ಕೊಡೋಣ. ಬೆಳೆ ಸಮೀಕ್ಷೆಯಲ್ಲಿ ಬಿತ್ತಿದವರ ಹೆಸರು ಬರೆಯಬೇಕು ಅನ್ನೋದು ಮೊದಲನೇದು. ಬರ ಘೋಷಣೆ ಆದ ಮೇಲೆ ಕುರಿ, ಮೇಕೆ ಇರುವ ಮನೆಗೆ ತಲೆ ಲೆಕ್ಕದಲ್ಲಿ ಮೇವಿನ ಹಣ ಕೊಡಬೇಕು, ದೇವರ ಎತ್ತಿಗೆ ಹಟ್ಟಿಯಲ್ಲೇ ಮೇವು ಇಳಿಸಬೇಕು. ಹೋಬಳಿಗೊಂದು ಪೌತಿ ಖಾತೆ ಶಿಬಿರವನ್ನು ಬಿತ್ತನೆಗೆ ಮುಂಚೆ ಮಾಡಲಿ, ಮೊಳಕಾಲ್ಮೂರು ಅಕ್ಕನಂಥವರು ಕಚೇರಿಗೆ ಅಲೆಯೋದು ತಪ್ಪಲಿ.

ಇವು ಮೂರೂ ಒಂದೇ ತೂಕದ್ದಲ್ಲ ಅಂತ ನನಗೂ ಗೊತ್ತು. ಪೌತಿ ಶಿಬಿರ ಮನಸ್ಸು ಮಾಡಿದರೆ ತಾಲ್ಲೂಕಿನಲ್ಲೇ ಆಗುತ್ತದೆ. ಸಮೀಕ್ಷೆಗೆ ಬೆಂಗಳೂರಿನಿಂದ ಆದೇಶ ಬೇಕು. ಮೇವಿನ ಹಣಕ್ಕೆ ದೆಹಲಿಯ ನಿಯಮವೇ ಬದಲಾಗಬೇಕು, ಇಲ್ಲವೇ ರಾಜ್ಯ ತನ್ನ ಕೈಯಿಂದ ಕೊಡಬೇಕು. ಸುಲಭದ್ದು ಮೊದಲು ಅಂತ ಕುರಿಯವರನ್ನು ಕೊನೆಗೆ ತಳ್ಳೋದು ಬೇಡ. ಮೂರನ್ನೂ ಒಂದೇ ಕಾಗದದಲ್ಲಿ ಬರೆಯುತ್ತೇನೆ.

ಕುರಿಹಟ್ಟಿ
ಮೇ 20

ಅಣ್ಣ, ನಮ್ಮ ಹಟ್ಟಿಯಿಂದ ಸಹಿ ಹಾಕಿಸುತ್ತೇನೆ. ಮಾರಿದ ಕುರಿಗಳ ಲೆಕ್ಕ ಕೊಡಿ ಅಂದರೆ ರಸೀದಿ ಯಾರ ಹತ್ತಿರವೂ ಇಲ್ಲ. ಸಂತೆಯಲ್ಲಿ ಎಲ್ಲ ಕೈ ಮೇಲೆ ಬಟ್ಟೆ ಹಾಕಿ ಬೆರಳು ಹಿಡಿದು ಮಾಡುವ ವ್ಯಾಪಾರ.

ನಿವೃತ್ತ ಕಂದಾಯ
ಮೇ 20

ಹಳೇದಕ್ಕೆ ಮನೆವಾರು ಪಟ್ಟಿ ಮಾಡಿ ತಮ್ಮ. ಯಜಮಾನರ ಹೆಸರು, ಹೋದ ಮುಂಗಾರಿಗೆ ಎಷ್ಟು ಕುರಿ ಇತ್ತು, ಈಗ ಎಷ್ಟಿದೆ, ಯಾವ ಸಂತೆಯಲ್ಲಿ ಮಾರಿದರು. ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿದ ಲೆಕ್ಕ ಇರುತ್ತದೆ, ಡಾಕ್ಟರನ್ನು ಕೇಳಿ ಅದರ ಪ್ರತಿ ಜೊತೆಗೆ ಇಡಿ. ಕುರಿಗಾರರ ಸಹಕಾರ ಸಂಘ ಇದ್ದರೆ ಅವರ ಮುದ್ರೆ ಹಾಕಿಸಿ. ಇನ್ನು ಮುಂದೆ ಮಾರುವಾಗ ಎಪಿಎಂಸಿ ಸಂತೆಯಲ್ಲಿ ಸುಂಕದ ಚೀಟಿ ಕೊಟ್ಟರೆ ಅದನ್ನು ಎಸೆಯಬೇಡಿ. ಪಟ್ಟಿ ಬರೆದ ಮೇಲೆ ಇಲ್ಲಿ ಹಾಕಿ, ನಾನು ಒಂದು ಸಲ ನೋಡಿ ಕೊಡುತ್ತೇನೆ.